ಬಿಳಿ ಎಕ್ಕವೆಂದು ಮಾರುವ ಸಸಿ: ಬಳ್ಳಾರಿಯ ನರ್ಸರಿಯೊಂದರ ಸರಕಿನ ವಿಮರ್ಶೆ

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ನರ್ಸರಿಯೊಂದರಿಂದ ನಮ್ಮ ಬಡಾವಣೆಯ ಆಂಜನೇಯನ ಗುಡಿಯ ಆವರಣಕ್ಕಾಗಿ ಎರಡು ಬಗೆಯ ಎಕ್ಕದ ಸಸಿಗಳನ್ನು ತಂದೆವು. ಒಂದರ ಚೀಟಿಯ ಮೇಲೆ ‘ಎಕ್ಕ’ ಎಂದಷ್ಟೇ ಇತ್ತು, ಬೆಲೆ 50 ರೂಪಾಯಿ. ಇನ್ನೊಂದರ ಮೇಲೆ ‘ಬಿಳಿ ಎಕ್ಕ, ಶ್ವೇತಾರ್ಕ’ ಎಂದಿತ್ತು, ಬೆಲೆ 250 ರೂಪಾಯಿ. ಮೊದಲನೆಯದು ಕೊಟ್ಟ ಹಣಕ್ಕೆ ತಕ್ಕ ಗಿಡ. ಎರಡನೆಯದು ಆರೋಗ್ಯವಾಗಿ ಬೆಳೆದು ಹೂ ಬಿಟ್ಟಿದೆಯಾದರೂ ಜನರು ಬಿಳಿ ಎಕ್ಕವೆಂದು ಹುಡುಕಿಕೊಂಡು ಬರುವ ಗಿಡ ಅದಲ್ಲ. ಅದೇ ಕುಲದ, ಆದರೆ ಬೇರೆಯೇ ಪ್ರಭೇದದ ಇನ್ನೊಂದು ಎಕ್ಕ. ನರ್ಸರಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇದೇ ಗಿಡಕ್ಕೆ ಇದೇ ಚೀಟಿ ಅಂಟಿಸಿರುವುದನ್ನು ಬೇರೆ ಕಡೆಗಳಲ್ಲಿಯೂ ಕಂಡಿದ್ದೇನೆ ಮತ್ತು ಒಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಗಿಡ ಕೊಳ್ಳುವವರಿಗೆ ಬೇಕಾದದ್ದು ಅಂಗಡಿಯ ಹೆಸರಿಗಿಂತ ಹೆಚ್ಚಾಗಿ ಈ ಎರಡು ಎಕ್ಕಗಳನ್ನು ಬೇರ್ಪಡಿಸಿ ನೋಡುವ ಕಣ್ಣು.

ಬೇಲಿಯ ಸಂದಿಯಲ್ಲಿ, ಹಾಳು ಗೋಡೆಯ ಬುಡದಲ್ಲಿ ತಾನಾಗಿಯೇ ಹುಟ್ಟುವ ಎಕ್ಕಕ್ಕೆ ಹಣ ಕೊಡುವುದೇಕೆ ಎಂದು ಕೇಳುವವರಿದ್ದಾರೆ. ಗುಡಿಯ ಹಿಂದೆ ನವಗ್ರಹ ವನ ಮಾಡಬೇಕೆಂದು ಸಮಿತಿಯವರು ನಿಶ್ಚಯಿಸಿದ್ದರು; ಅದರಲ್ಲಿ ಚಂದ್ರನಿಗೆ ಮುತ್ತುಗ, ಗುರುವಿಗೆ ಅರಳಿ, ಶನಿಗೆ ಬನ್ನಿ ಇರುವಂತೆ ಸೂರ್ಯನಿಗೆ ಎಕ್ಕ ಬೇಕು. ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆ ಬೇಕು, ಶನಿವಾರ ಆಂಜನೇಯನ ಹಾರಕ್ಕೆ ಹೂ ಬೇಕು. ಆನೆಗೊಂದಿಯ ಬಳಿಯ ಅಂಜನಾದ್ರಿಗೆ 575 ಮೆಟ್ಟಿಲು ಹತ್ತಿ ಹೋಗುವ ಭಕ್ತರು ಬಲ್ಲಂತೆ, ಹನುಮಂತನಿಗೂ ಎಕ್ಕಕ್ಕೂ ಇರುವ ನಂಟು ಈ ಸೀಮೆಯಲ್ಲಿ ಗಟ್ಟಿಯಾದದ್ದು. ಇವೆಲ್ಲಕ್ಕೂ ನೇರಳೆ ಹೂವಿನ ಸಾಧಾರಣ ಎಕ್ಕವೇ ಸಾಕು. ಆದರೆ ಗಣಪತಿಯ ಸನ್ನಿಧಿಗೆ ಬಿಳಿ ಎಕ್ಕವೇ ಆಗಬೇಕೆಂದು ಸಮಿತಿಯ ಹಿರಿಯರೊಬ್ಬರು ಪಟ್ಟು ಹಿಡಿದರು. ಬಳ್ಳಾರಿಯಲ್ಲಿ ತೆಲುಗು ಮಾತಾಡುವವರು ತೆಲ್ಲ ಜಿಲ್ಲೇಡು ಎಂದು ಕರೆಯುವ ಈ ಗಿಡದ ಬೇರು ವರ್ಷಗಳು ಕಳೆದಂತೆ ಗಣಪತಿಯ ಆಕಾರ ತಾಳುತ್ತದೆ ಎಂಬ ನಂಬಿಕೆ ಇರುವುದರಿಂದ ಅದಕ್ಕೆ ಬೇಡಿಕೆಯೂ ಹೆಚ್ಚು, ಬೆಲೆಯೂ ಹೆಚ್ಚು. ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಐದು ಪಟ್ಟು ಬೆಲೆ ತೆತ್ತವರಿಗೆ ಹೇಳಿದ ಗಿಡವೇ ಸಿಗಬೇಕೆಂಬುದಷ್ಟೇ ನನ್ನ ವಾದ.

ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ಭಾಗದಲ್ಲಿ ಕಾಣುವ ಎಕ್ಕಗಳು ಎರಡು. ಒಂದು ಕ್ಯಾಲೊಟ್ರೊಪಿಸ್ ಜೈಗ್ಯಾಂಟಿಯಾ. ಲಿನೇಯಸ್ 1753ರಲ್ಲಿ ಬೇರೊಂದು ಕುಲದಡಿ ಹೆಸರಿಸಿದ್ದು. ಇನ್ನೊಂದು ಕ್ಯಾಲೊಟ್ರೊಪಿಸ್ ಪ್ರೊಸೆರಾ. 1789ರಲ್ಲಿ ಏಟನ್ ಹೆಸರಿಸಿದ್ದು. ಕಣಗಿಲೆಯನ್ನೂ ಒಳಗೊಂಡಿರುವ ಅಪೊಸೈನೇಸಿ ಕುಟುಂಬಕ್ಕೆ ಇವೆರಡೂ ಸೇರುತ್ತವೆ. ಜೈಗ್ಯಾಂಟಿಯಾ ಭಾರತ ಮತ್ತು ಶ್ರೀಲಂಕೆಯಿಂದ ಆಗ್ನೇಯ ಏಷ್ಯಾದವರೆಗೆ ಹಬ್ಬಿದ್ದರೆ, ಪ್ರೊಸೆರಾ ಪಶ್ಚಿಮ ಆಫ್ರಿಕಾದಿಂದ ಅರಬ್ ನಾಡುಗಳನ್ನು ದಾಟಿ ನಮ್ಮವರೆಗೆ ಬಂದಿರುವ ಒಣಸೀಮೆಯ ಗಿಡ. ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ಹುಲ್ಲುಗಾವಲುಗಳಿಗೆ ಕಳೆಯಾಗಿಯೂ ಕಾಡುತ್ತಿದೆ. ವರ್ಷಕ್ಕೆ ಸುಮಾರು 500 ಮಿಲಿಮೀಟರಿನಷ್ಟು ಮಳೆ ಕಂಡು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಎರಡಕ್ಕೂ ಒಗ್ಗುತ್ತದೆ. ಹೀಗಾಗಿ ಒಂದೇ ಬೇಲಿಯಲ್ಲಿ ಎರಡೂ ಒಟ್ಟಿಗೆ ನಿಂತಿರುವುದು ಇಲ್ಲಿ ಅಪರೂಪವೇನಲ್ಲ, ಗೊಂದಲ ಹುಟ್ಟುವುದೂ ಅಲ್ಲಿಂದಲೇ.

ಗೊಂದಲದ ಮೂಲ ಬಣ್ಣ. ಜೈಗ್ಯಾಂಟಿಯಾದಲ್ಲಿಯೇ ಎರಡು ಬಣ್ಣಗಳಿವೆ: ಹೆಚ್ಚಿನ ಗಿಡಗಳಲ್ಲಿ ಹೂ ತಿಳಿನೇರಳೆ, ಕೆಲವು ಗಿಡಗಳಲ್ಲಿ ಅಚ್ಚ ಬಿಳಿ. ಈ ಅಚ್ಚ ಬಿಳಿ ಹೂವಿನದನ್ನೇ ಜನ ಬಿಳಿ ಎಕ್ಕ ಎನ್ನುವುದು. ಅದು ಬೇರೆ ಪ್ರಭೇದವಲ್ಲ, ನೇರಳೆ ಎಕ್ಕದ ಸೋದರ. ಪ್ರೊಸೆರಾದ ದಳವೂ ಬಿಳಿಯೇ, ಆದರೆ ಒಳಮೈಯಲ್ಲಿ ಪ್ರತಿ ದಳದ ತುದಿಗೆ ಗಾಢ ನೇರಳೆಯ ಮಚ್ಚೆ ಇರುತ್ತದೆ. ದೂರದಿಂದ ನೋಡಿದವರಿಗೆ, ಅದರಲ್ಲಿಯೂ ದಳದ ಹೊರಮೈ ಮಾತ್ರ ಕಾಣುವ ಮೊಗ್ಗಿನ ಗೊಂಚಲನ್ನು ನೋಡಿದವರಿಗೆ, ಇದು ಬಿಳಿ ಹೂವಿನ ಗಿಡವೆಂದೇ ತೋರುತ್ತದೆ. ಬಿಳಿ ಎಕ್ಕವೆಂದು ನಮಗೆ ಮಾರಿದ ಸಸಿ ಇದೇ.

ಎರಡೂ ಗಿಡಗಳು ಹೂ ಬಿಟ್ಟ ಮೇಲೆ ಒಂದೊಂದು ಹೂವನ್ನು ಕಿತ್ತು, ಹಾಲು ಸೋರುವುದು ನಿಲ್ಲುವವರೆಗೆ ಕಾದು, ಬಿಳಿ ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ. ವ್ಯತ್ಯಾಸ ಕಾಣಲು ಭೂತಗನ್ನಡಿಯೂ ಬೇಕಿರಲಿಲ್ಲ. 50 ರೂಪಾಯಿಯ ಗಿಡ ಜೈಗ್ಯಾಂಟಿಯಾ, ಅದರ ಹೂ ದೊಡ್ಡದು. ಅದರ ಐದು ದಳಗಳು ಪೂರ್ತಿ ಬಿಚ್ಚಿಕೊಂಡು ಅಗಲವಾಗಿ ಹರಡಿ, ಹಿಂದಕ್ಕೆ ಬಾಗಿದ್ದವು. ಹಿಂದಿನ ದಿನ ಅರಳಿದ ಹೂವಿನಲ್ಲಿ ದಳಗಳು ತಿರುಚಿಕೊಂಡೂ ಇದ್ದವು. ನಡುವಿನ ಕಿರೀಟ ಹೀಗೆ ಬಯಲಿಗೆ ಬಂದು ನಿಲ್ಲುತ್ತದೆ. 250 ರೂಪಾಯಿಯ ಗಿಡದ ಹೂ ಚಿಕ್ಕದು, ದಳಗಳು ಮೇಲ್ಮುಖವಾಗಿ ನಿಂತು ಕಿರೀಟವನ್ನು ಸುತ್ತುವರಿದು ಬಟ್ಟಲಿನ ಆಕಾರ ಕೊಟ್ಟಿದ್ದವು. ಮೂಗಿನ ಹತ್ತಿರ ತಂದರೆ ಇದರಲ್ಲಿ ತೆಳುವಾದ ಕಂಪಿದೆ. ಮೊದಲನೆಯದರಲ್ಲಿ ನನ್ನ ಮೂಗಿಗೆ ಏನೂ ತಿಳಿಯಲಿಲ್ಲ. ಮೊಗ್ಗುಗಳಲ್ಲಿಯೂ ಭೇದವಿದೆ: ಜೈಗ್ಯಾಂಟಿಯಾದ ಮೊಗ್ಗಿಗೆ ಐದು ಮೂಲೆಗಳು ಬೆರಳಿಗೆ ಸಿಗುವಷ್ಟು ಸ್ಪಷ್ಟ, ಪ್ರೊಸೆರಾದ ಮೊಗ್ಗು ಗುಂಡು.

ಭೂತಗನ್ನಡಿ ನಿಜವಾಗಿ ಉಪಯೋಗಕ್ಕೆ ಬರುವುದು ಕಿರೀಟದ ಹತ್ತಿರ. ಎಕ್ಕದ ಹೂವಿನ ನಡುವೆ ಗಂಡು ಭಾಗ ಮತ್ತು ಹೆಣ್ಣು ಭಾಗ ಬೆಸೆದುಕೊಂಡು ಒಂದು ಗಿಡ್ಡ ಕಂಬವಾಗಿರುತ್ತದೆ. ಅದರ ತಲೆ ಐದು ಮೂಲೆಯ ಚಪ್ಪಟೆ ಬಿಲ್ಲೆ. ಆ ಕಂಬಕ್ಕೆ ಆತುಕೊಂಡು ಐದು ತಿರುಳುಳ್ಳ ಹಾಳೆಗಳು ನಿಂತಿರುತ್ತವೆ, ಬುಡದಲ್ಲಿ ಅವು ಸುರುಳಿ ಸುತ್ತಿಕೊಂಡಿರುತ್ತವೆ. ಜೈಗ್ಯಾಂಟಿಯಾದಲ್ಲಿ ಈ ಹಾಳೆಗಳು ಕಂಬದ ತಲೆಗಿಂತ ತುಸು ಕೆಳಗೇ ನಿಲ್ಲುತ್ತವೆ, ಅವುಗಳ ಮೈ ಮೇಲೆ ನವಿರಾದ ರೋಮವಿರುತ್ತದೆ, ತುದಿಯ ಕೆಳಗೆ ಎರಡು ಕಡೆ ಪುಟ್ಟ ಕಿವಿಗಳಂತೆ ಚಾಚಿಕೊಂಡಿರುತ್ತದೆ. ಪ್ರೊಸೆರಾದಲ್ಲಿ ಹಾಳೆಗಳು ಕಂಬದ ತಲೆಯ ಮಟ್ಟಕ್ಕೇ ಬರುತ್ತವೆ, ಮೈ ಹೆಚ್ಚುಕಡಿಮೆ ನುಣುಪು. ಬಣ್ಣ ಕೈಕೊಟ್ಟರೂ ಈ ಗುರುತು ಕೈಕೊಡುವುದಿಲ್ಲ. ಅಚ್ಚ ಬಿಳಿಯಾಗಿರಲಿ, ನೇರಳೆಯಾಗಿರಲಿ, ದಳ ಹಿಂದಕ್ಕೆ ಬಾಗಿ, ಹಾಳೆಗಳು ಗಿಡ್ಡವಾಗಿದ್ದರೆ ಅದು ಜೈಗ್ಯಾಂಟಿಯಾ.

ಈ ಕಂಬದ ಸಂದುಗಳಲ್ಲಿ ಪರಾಗ ಪುಡಿಯಾಗಿ ಇರುವುದಿಲ್ಲ, ಮೇಣದಂಥ ಜೋಡಿ ಚೀಲಗಳಾಗಿ ಅಂಟಿಕೊಂಡಿರುತ್ತದೆ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ ಬಂದು ಕೂತಾಗ ಅದರ ಕಾಲು ಸಂದಿಗೆ ಸಿಕ್ಕಿ, ಎಳೆದುಕೊಳ್ಳುವ ಹೊತ್ತಿಗೆ ಜೋಡಿ ಚೀಲವೂ ಕಿತ್ತುಬಂದು ಇನ್ನೊಂದು ಹೂವಿಗೆ ಹೋಗುತ್ತದೆ. ವಿಮರ್ಶೆಗೆ ಇದು ಸಂಬಂಧವಿಲ್ಲದ ಮಾತೆಂದು ತೋರಬಹುದು, ಆದರೆ ಸಂಬಂಧವಿದೆ: ದುಂಬಿ ಗಿಡದಿಂದ ಗಿಡಕ್ಕೆ ಹಾರುವುದರಿಂದ ಬಿಳಿ ಹೂವಿನ ಗಿಡದ ಬೀಜ ಬಿತ್ತಿದರೂ ಬಿಳಿ ಹೂವೇ ಬರುತ್ತದೆಂಬ ಖಾತ್ರಿ ಯಾರೂ ಕೊಡಲಾರರು. ತಾಯಿಗಿಡದ ಬಣ್ಣ ಬೇಕಾದರೆ ತಾಯಿಗಿಡದ ಕಡ್ಡಿಯನ್ನೇ ನೆಡಬೇಕು. ನಾವು ಕೊಂಡ ಎರಡು ಬಗೆಯ ಸಸಿಗಳೂ ಬೀಜದಿಂದ ಬೆಳೆಸಿದವು ಎಂದು ನರ್ಸರಿಯವರೇ ಹೇಳಿದರು. ಅಂದರೆ ಸರಿಯಾದ ಪ್ರಭೇದದ ಬೀಜವನ್ನೇ ಬಿತ್ತಿದ್ದರೂ ‘ಬಿಳಿ’ ಎಂಬ ಮಾತಿಗೆ 200 ರೂಪಾಯಿ ಹೆಚ್ಚು ಕೇಳಲು ಆಧಾರವಿರಲಿಲ್ಲ.

ನರ್ಸರಿಯವರ ಪರವಾಗಿ ಒಂದು ಮಾತು ಹೇಳಲೇಬೇಕು. ಮೊಣಕಾಲುದ್ದದ ಸಸಿಯನ್ನು ನೋಡಿ ಇದು ಯಾವ ಎಕ್ಕವೆಂದು ಹೇಳುವುದು ಬಲ್ಲವರಿಗೂ ಕಷ್ಟ. ಎರಡರ ಎಲೆಗಳೂ ದಪ್ಪ, ಎರಡೂ ಬೂದು ಬಳಿದಂತಿರುವ ಹಸಿರು, ಎರಡರ ಎಳೆ ಚಿಗುರಿಗೂ ಬಿಳಿಯ ರೋಮ, ಎರಡೂ ತೊಟ್ಟಿಲ್ಲದಂತೆ ಕಾಂಡವನ್ನು ತಬ್ಬಿಕೊಂಡಿರುತ್ತವೆ. ಎಲೆಯ ಅಗಲ ನೋಡಿ ಹೇಳುತ್ತೇವೆಂದು ಕೆಲವರು ಹೊರಡುತ್ತಾರೆ, ಆದರೆ ಒಂದೇ ಗಿಡದ ಮೇಲಿನ ಎಲೆಗೂ ಕೆಳಗಿನ ಎಲೆಗೂ ಅಷ್ಟು ಅಂತರವಿರುವಾಗ ಆ ಅಳತೆಯನ್ನು ನಂಬುವಂತಿಲ್ಲ. ಆದ್ದರಿಂದಲೇ ಮಾರುವವರು ಸಸಿಯನ್ನಲ್ಲ, ಅದರ ತಾಯಿಯನ್ನು ಬಲ್ಲವರಾಗಿರಬೇಕು. ಈ ನರ್ಸರಿ ಎಡವಿದ್ದು ಅಲ್ಲಿಯೇ.

ಹೂವಿನ ಗೊಂಚಲನ್ನು ಹಿಡಿದುಕೊಂಡು ಹೋಗಿ ತೋರಿಸಿದಾಗ ಮಾಲೀಕರು ಕೋಪ ಮಾಡಿಕೊಳ್ಳಲಿಲ್ಲ. “ಬೆಳ್ಳಗೇ ಐತಲ್ಲ ಸಾರ್, ಒಳಗ ಒಂದೀಟು ಬಣ್ಣ ಇದ್ರ ಏನಾತು? ಔಷಧಕ್ಕ ಎರಡೂ ಒಂದೇ ಅಂತಾರ,” ಎಂದರು. ಔಷಧದ ಮಾತಿನಲ್ಲಿ ಸತ್ಯಾಂಶವಿದೆ. ಆಯುರ್ವೇದದ ಹಳೆಯ ಗ್ರಂಥವಾದ ಭಾವಪ್ರಕಾಶ ನಿಘಂಟು ಬಿಳಿ ಮತ್ತು ಕೆಂಪು ಎಂದು ಎರಡು ಅರ್ಕಗಳನ್ನು, ಅಂದರೆ ಎಕ್ಕಗಳನ್ನು, ಹೇಳುತ್ತದೆ. ಔಷಧಗಳ ಅಧಿಕೃತ ಕೈಪಿಡಿಯಾದ ಭಾರತದ ಆಯುರ್ವೇದ ಫಾರ್ಮಕೋಪಿಯಾದಲ್ಲಿ ಅರ್ಕವೆಂದರೆ ಪ್ರೊಸೆರಾ. ಹಳೆಯ ಗ್ರಂಥಗಳು ಹೂವಿನ ಬಣ್ಣದಿಂದ ವಿಂಗಡಿಸಿದವು, ಇಂದಿನ ಸಸ್ಯಶಾಸ್ತ್ರ ಹೂವಿನ ರಚನೆಯಿಂದ ವಿಂಗಡಿಸುತ್ತದೆ. ಒಂದರ ಮೇಲೊಂದು ಇಟ್ಟರೆ ಎರಡು ಗೆರೆಗಳೂ ಕೂಡುವುದಿಲ್ಲ. “ಔಷಧಕ್ಕೆ ಕೇಳಿದ್ದರೆ ನಿನ್ನ ಮಾತು ಒಪ್ಪುತ್ತಿದ್ದೆ ತಮ್ಮಾ, ಗಣಪತಿಗೆ ಅಂತ ಕೇಳಿದ್ದು,” ಎಂದೆ. ಪ್ರೊಸೆರಾವನ್ನು ಅರ್ಕವೆಂದು ಮಾರಿದರೆ ನನ್ನ ಆಕ್ಷೇಪಣೆ ಇಲ್ಲ. ನೇರಳೆ ತುದಿಯ ಹೂವನ್ನು ಅಚ್ಚ ಬಿಳಿಯ ಬೆಲೆಗೆ ಮಾರುವುದಕ್ಕೆ ಆಯುರ್ವೇದವನ್ನು ಸಾಕ್ಷಿಗೆ ಕರೆಯುವುದು ಮಾತ್ರ ಸರಿಯಲ್ಲ.

ತಾಯಿಗಿಡ ತೋರಿಸಿ ಎಂದು ಕೇಳಿದಾಗ ಅವರು ಹಿಂಜರಿಯದೆ ಹಿತ್ತಲಿನ ತಂತಿ ಬೇಲಿಯ ಬಳಿಗೆ ಕರೆದೊಯ್ದರು. ಅಲ್ಲಿದ್ದ ಗಿಡದಲ್ಲಿ ಹೂವಿಗಿಂತ ಕಾಯಿಗಳೇ ಹೆಚ್ಚಾಗಿದ್ದವು, ಉತ್ತರವೂ ಅಲ್ಲಿಯೇ ತೂಗುತ್ತಿತ್ತು. ಪ್ರೊಸೆರಾದ ಕಾಯಿ ಗಾಳಿ ತುಂಬಿದ ಮಾವಿನಕಾಯಿಯಂತೆ ಉಬ್ಬಿ ದುಂಡಗಿರುತ್ತದೆ, ಒತ್ತಿದರೆ ಮೆತ್ತಗೆ ತಗ್ಗುತ್ತದೆ. ಜೈಗ್ಯಾಂಟಿಯಾದ ಕಾಯಿ ಅಷ್ಟು ದುಂಡಗಾಗದೆ ಉದ್ದವಾಗಿ ಒಂದು ಕಡೆಗೆ ಬಾಗಿರುತ್ತದೆ. ಎರಡೂ ಒಣಗಿ ಬಿರಿದಾಗ ಕಂದುಬಣ್ಣದ ಚಪ್ಪಟೆ ಬೀಜಗಳು ಬೆಳ್ಳನೆಯ ನವಿರು ಕುಚ್ಚಿನೊಂದಿಗೆ ಗಾಳಿಗೆ ಹಾರುತ್ತವೆ. ಆ ಹಂತದಲ್ಲಿ ಸಂಗ್ರಹಿಸಿದ ಬೀಜ ಯಾವುದರದೆಂದು ತಿಳಿಯುವುದು ಆಗದ ಮಾತು. ಬೇಲಿಯ ಗಿಡದ ಕಾಯಿಗಳೆಲ್ಲ ದುಂಡಗಿದ್ದವು. ಅಷ್ಟೂ ‘ಬಿಳಿ ಎಕ್ಕ’ದ ಸಸಿಗಳು ಆ ಒಂದು ಗಿಡದ ಮಕ್ಕಳು.

ಉಳಿದ ವಿಷಯಗಳಲ್ಲಿ ನರ್ಸರಿ ಕೆಟ್ಟದ್ದಲ್ಲ. ಸಸಿಗಳು ರೋಗವಿಲ್ಲದೆ ಗಟ್ಟಿಯಾಗಿದ್ದವು. ಚೀಲದ ಮಿಶ್ರಣದಲ್ಲಿ ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಹದವಾಗಿ ಬೆರೆತಿದ್ದವು. ನೀರು ನಿಂತರೆ ಕೊಳೆಯುವ ಎಕ್ಕದ ಬೇರಿಗೆ ನಮ್ಮ ಎರೆ ಮಣ್ಣನ್ನು ತುಂಬದಿದ್ದುದು ಒಳ್ಳೆಯ ಕೆಲಸ. ಆಟೋದಲ್ಲಿ ಕಳಿಸುವಾಗ ಚೀಲಗಳನ್ನು ಒತ್ತಾಗಿ ಜೋಡಿಸಿ ನಡುವೆ ಗೋಣಿ ತುರುಕಿದ್ದರು, ಒಂದು ಕಾಂಡವೂ ಮುರಿಯಲಿಲ್ಲ. ಕೊರತೆಯೆಂದರೆ ಚೀಲದ ಗಾತ್ರ. ಎಕ್ಕ ತಾಯಿಬೇರನ್ನು ನೇರವಾಗಿ ಆಳಕ್ಕೆ ಇಳಿಸುವ ಗಿಡ. ಗಿಡ್ಡ ಚೀಲದಲ್ಲಿ ಹೆಚ್ಚು ಕಾಲ ಇಟ್ಟಿದ್ದರಿಂದ ಕೆಲವು ಸಸಿಗಳ ಬೇರು ತಳದಲ್ಲಿ ಸುತ್ತಿಕೊಂಡಿತ್ತು. ಅಂಥವು ನೆಟ್ಟ ಮೇಲೆ ಬಹಳ ದಿನ ಹಾಗೆಯೇ ನಿಂತು, ನೇರ ಬೇರಿನ ಸಸಿಗಳಿಗಿಂತ ತಡವಾಗಿ ಚಿಗುರಿದವು. ಕೊಳ್ಳುವಾಗ ಎತ್ತರದ ಸಸಿಗೆ ಆಸೆಪಡದೆ ಚಿಕ್ಕದನ್ನೇ ಆರಿಸಿಕೊಳ್ಳುವುದು ಲೇಸು.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಕೊಡಲಾರೆ. ಸಸಿ ಕೊಡುವಾಗ ಕೆಲಸದ ಹುಡುಗ ಕೆಳಗಿನ ಎಲೆಗಳನ್ನು ಬರಿಗೈಯಲ್ಲಿ ಚಿವುಟಿ, ಸುರಿದ ಹಾಲನ್ನು ಅಂಗಿಗೆ ಒರೆಸಿಕೊಂಡ. ಎಚ್ಚರಿಕೆಯ ಒಂದು ಮಾತನ್ನೂ ನಮಗಾಗಲಿ ಅವನಿಗಾಗಲಿ ಯಾರೂ ಹೇಳಲಿಲ್ಲ. ಎರಡೂ ಎಕ್ಕಗಳ ಹಾಲಿನಲ್ಲಿ ಕ್ಯಾಲೊಟ್ರೊಪಿನ್ ಮೊದಲಾದ, ಹೃದಯದ ಮೇಲೆ ಪರಿಣಾಮ ಬೀರುವ ವಿಷವಸ್ತುಗಳಿವೆ. ಹಾಲು ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪದರ ಊದಿಕೊಂಡು ದೃಷ್ಟಿ ಮಂಜಾಗುತ್ತದೆ; ನೋವು ಅಷ್ಟಾಗಿ ಇಲ್ಲದಿರುವುದರಿಂದ ಜನ ಉದಾಸೀನ ಮಾಡಿ ತಡವಾಗಿ ವೈದ್ಯರಲ್ಲಿಗೆ ಹೋಗುತ್ತಾರೆ. ತಕ್ಷಣ ಧಾರಾಳವಾಗಿ ನೀರಿನಿಂದ ತೊಳೆದು ಕಣ್ಣಿನ ವೈದ್ಯರನ್ನು ಕಾಣಬೇಕು. ರಥಸಪ್ತಮಿಯ ಎಲೆ ಕೀಳುವವರು, ಹಾರ ಕಟ್ಟುವವರು, ಗುಡಿಯ ಅಂಗಳದಲ್ಲಿ ಆಡುವ ಮಕ್ಕಳು, ಎಲ್ಲರಿಗೂ ಇದು ತಿಳಿದಿರಬೇಕು. ಚೀಟಿಯ ಮೇಲೆ ‘ಶ್ವೇತಾರ್ಕ’ ಎಂದು ಅಲಂಕಾರವಾಗಿ ಬರೆಯಲು ಜಾಗವಿದ್ದಲ್ಲಿ ‘ಹಾಲು ಕಣ್ಣಿಗೆ ತಾಗಿಸಬೇಡಿ’ ಎಂದು ಬರೆಯಲೂ ಜಾಗವಿರುತ್ತದೆ.

ನೆಟ್ಟ ಮೇಲೆ ಎರಡೂ ಗಿಡಗಳು ಹೇಗೆ ನಡೆದುಕೊಂಡವು ಎಂಬುದನ್ನು ಹೇಳಿದರೆ ಹೋಲಿಕೆ ಪೂರ್ತಿಯಾಗುತ್ತದೆ. ಗುಡಿಯ ಹಿಂಭಾಗದ ಗೊರಜು ನೆಲದಲ್ಲಿ, ಬೇರೂರುವವರೆಗೆ ಮಾತ್ರ ನೀರು ಕಂಡು, ಎರಡೂ ಗಿಡಗಳು ಬೇಸಿಗೆಯನ್ನು ದಾಟಿದವು. ಪ್ರೊಸೆರಾ ಬುಡದಿಂದಲೇ ಹಲವು ಕೊಂಬೆಗಳಾಗಿ ಪೊದೆಗಟ್ಟಿತು, ಜೈಗ್ಯಾಂಟಿಯಾ ಕಡಿಮೆ ಕೊಂಬೆಗಳೊಂದಿಗೆ ಎತ್ತರಕ್ಕೆ ಹೋಯಿತು. ಮಳೆಗಾಲದ ನಂತರ ಎಳೆ ಚಿಗುರಿಗೆ ಹಳದಿ ಹೇನು ಕಾಣಿಸಿಕೊಂಡಿತು, ನೀರು ಚಿಮುಕಿಸಿದರೆ ಹೋಗುವಷ್ಟೇ ಅದರ ಕಾಟ. ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳುಗಳನ್ನು ಕಂಡು ಔಷಧಿ ಹೊಡೆಯಲು ಹೊರಟಿದ್ದ ಪೂಜಾರಿಯವರನ್ನು ತಡೆದೆ: ಅವು ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳು, ಎಕ್ಕದ ವಿಷವನ್ನು ಮೈಗೂಡಿಸಿಕೊಂಡು ಹಕ್ಕಿಗಳಿಂದ ಪಾರಾಗುವ ಜಾತಿ, ನಾಲ್ಕು ಎಲೆ ತಿಂದರೆ ಗಿಡಕ್ಕೆ ನಷ್ಟವಿಲ್ಲ. ನೀಲಿ ಹಳದಿ ಚಿತ್ತಾರದ ಎಕ್ಕದ ಮಿಡತೆಯ ಹಿಂಡು ಬಿದ್ದಾಗ ಮಾತ್ರ ಎಲೆಗಳೆಲ್ಲ ಜಾಲರಿಯಾದವು, ಮರುಚಿಗುರು ಬರಲು ತಡವಾಗಲಿಲ್ಲ.

ಹಾರಕ್ಕೆ ಯಾವುದು ಒಳ್ಳೆಯದೆಂದರೆ ಅನುಮಾನವಿಲ್ಲದೆ ಜೈಗ್ಯಾಂಟಿಯಾ. ಹೂ ದೊಡ್ಡದು, ದಳ ಹಿಂದಕ್ಕೆ ಬಾಗುವುದರಿಂದ ಒಂದರ ಮೇಲೊಂದು ಒತ್ತಾಗಿ ಕೂರುತ್ತದೆ, ಕಿರೀಟಗಳ ಸಾಲು ಎದ್ದು ಕಾಣುತ್ತದೆ. ಪ್ರೊಸೆರಾದ ಹೂಗಳನ್ನು ಪೋಣಿಸಿದಾಗ ಮೇಲಕ್ಕೆ ನಿಂತ ದಳಗಳು ಅಡ್ಡ ಬಂದು ಹಾರ ಸಡಿಲವಾಯಿತು, ನೇರಳೆ ತುದಿಗಳು ಒಳಗೇ ಅಡಗಿದವು. ಒಂಟಿಯಾಗಿ ಕೈಯಲ್ಲಿ ಹಿಡಿದು ನೋಡುವುದಾದರೆ ನನಗೆ ಪ್ರೊಸೆರಾವೇ ಹೆಚ್ಚು ಚೆಂದ. ಬಿಳಿಯ ಮೇಲೆ ಆ ಐದು ನೇರಳೆ ಬೊಟ್ಟುಗಳ ಅಚ್ಚುಕಟ್ಟು ಇನ್ನೊಂದರಲ್ಲಿಲ್ಲ. ಅದನ್ನು ಅದರ ಹೆಸರಿನಲ್ಲಿಯೇ 50 ರೂಪಾಯಿಗೆ ಇಟ್ಟಿದ್ದರೆ ಸಂತೋಷದಿಂದ ಎರಡು ಕೊಳ್ಳುತ್ತಿದ್ದೆ.

ಮಾಲೀಕರು ಹೆಚ್ಚುವರಿ ಹಣ ಹಿಂದಿರುಗಿಸಿದರು, ಗಿಡವನ್ನು ವಾಪಸು ಕೇಳಲಿಲ್ಲ. ಸಂಗನಕಲ್ಲು ರಸ್ತೆಯ ಪರಿಚಿತರ ಹೊಲದ ಬದುವಿನಲ್ಲಿದ್ದ ಅಚ್ಚ ಬಿಳಿ ಹೂವಿನ ಜೈಗ್ಯಾಂಟಿಯಾದಿಂದ, ದಳ ಬಾಗಿರುವುದನ್ನೂ ಕಿರೀಟದ ಹಾಳೆ ಗಿಡ್ಡವಿರುವುದನ್ನೂ ನೋಡಿ ಖಚಿತಪಡಿಸಿಕೊಂಡು, ಹೆಬ್ಬೆರಳು ದಪ್ಪದ ಕಡ್ಡಿಗಳನ್ನು ಕತ್ತರಿಸಿ, ಹಾಲು ಒಣಗಲು ನೆರಳಿನಲ್ಲಿಟ್ಟು ನೆಟ್ಟಿದ್ದೇವೆ. ಒಂದೆರಡು ಕಡ್ಡಿಗಳು ಚಿಗುರಿವೆ. ಅದೇ ಗಿಡದ ಕಡ್ಡಿಗಳನ್ನು ನರ್ಸರಿಯವರೂ ಒಯ್ದಿದ್ದಾರೆ; ಅವು ಮಾರಾಟಕ್ಕೆ ಬರುವವರೆಗೆ ಅಲ್ಲಿ ‘ಬಿಳಿ ಎಕ್ಕ’ದ ಚೀಟಿಯಿರುವ ಸಸಿಯನ್ನು ಬಿಟ್ಟು 50 ರೂಪಾಯಿಯ ಎಕ್ಕವನ್ನು ಕೊಳ್ಳಬಹುದು. ಬಿಳಿಯೇ ಬೇಕೆನ್ನುವವರು, ಅಲ್ಲಿರಲಿ ಬೇರೆಲ್ಲಿಯೇ ಇರಲಿ, ಹೂ ಅರಳಿ ನಿಂತ ತಾಯಿಗಿಡವನ್ನು ತೋರಿಸಿದ ಮೇಲೆಯೇ ಹಣ ಕೊಡಲಿ.